‘ಎರರ್ ಹೋಯಿತು ಸರ್’ ಎಂದವನ ಮಾತು ನಂಬಿ ₹1,500 ಕಳೆದುಕೊಂಡೆ

ಲೇಟೆಕ್ ಎಂಬ ಪುಟ ಜೋಡಣೆಯ ತಂತ್ರಾಂಶದಲ್ಲಿ ಅಭ್ಯಾಸ ಹಾಳೆ ಮಾಡುವ ಶಿಕ್ಷಕರೇ, ಕಡತವನ್ನು ದುರಸ್ತಿಗೆಂದು ಯಾರ ಕೈಗಾದರೂ ಕೊಡುವ ಮೊದಲು ಇದನ್ನು ಓದಿ. ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಹತ್ತನೇ ತರಗತಿಯ ವರ್ಗಸಮೀಕರಣದ 24 ಲೆಕ್ಕಗಳು, ಪ್ರತಿಯೊಂದರ ಕೆಳಗೂ ಉತ್ತರ. ಎಕ್ಸ್‌ಶೀಟ್ಸ್ ಎಂಬ ಪ್ಯಾಕೇಜ್ (ಲೇಟೆಕ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ) ಉತ್ತರಗಳನ್ನು ಬಚ್ಚಿಟ್ಟು ಪ್ರಶ್ನೆಗಳನ್ನಷ್ಟೇ ಮುದ್ರಿಸುತ್ತಿತ್ತು. ಹೊಸ ಕಂಪ್ಯೂಟರಿನಲ್ಲಿ ‘ಎಕ್ಸ್‌ಶೀಟ್ಸ್ ಕಡತ ಸಿಗಲಿಲ್ಲ’ ಎಂದು ಕೆಲಸ ನಿಂತಿತು. ಮರುದಿನ ಬೆಳಿಗ್ಗೆಯೇ ತರಗತಿ. ಪರಿಚಯದವರು ಹೇಳಿದ ಒಬ್ಬನಿಗೆ ಕಡತ ಕಳುಹಿಸಿದೆ. ₹1,500, ಪೂರ್ತಿ ಮುಂಗಡ. ಅರ್ಧ ಗಂಟೆಯಲ್ಲಿ ಉತ್ತರ ಬಂತು: ‘ಎರರ್ ಹೋಯಿತು ಸರ್.’ ಜೊತೆಗೆ ಮೊದಲ ಪುಟದ ಚಿತ್ರ. ಆ ಪುಟದಲ್ಲಿ ಇರುವುದು ಸೂಚನೆ ಮತ್ತು ಸೂತ್ರಗಳು ಮಾತ್ರ!

ನಾನೂ ಓಡಿಸಿ ನೋಡಿದೆ. ಒಂದು ದೋಷವೂ ಇಲ್ಲ, ಪಿಡಿಎಫ್ ಸಿದ್ಧ. ಮುಂದಿನ ಪುಟ ತಿರುವದೆ ಜೆರಾಕ್ಸ್ ಅಂಗಡಿಗೆ ಕಳುಹಿಸಿಬಿಟ್ಟೆ. 60 ಪ್ರತಿ.

ತರಗತಿಯಲ್ಲಿ ಹಾಳೆ ಹಂಚಿ ಎರಡು ನಿಮಿಷ ಆಗಿರಲಿಲ್ಲ, ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ‘ಸರ್, ಉತ್ತರ ಇಲ್ಲೇ ಇದೆಯಲ್ಲ?’ ಪ್ರಶ್ನೆಗಳಿಗೆ ಸಂಖ್ಯೆಯೂ ಇಲ್ಲ, ಪ್ರತಿ ಲೆಕ್ಕದ ಕೆಳಗೂ ಉತ್ತರ ರಾರಾಜಿಸುತ್ತಿದೆ. 60 ಹಾಳೆಗಳನ್ನೂ ಒಂದೊಂದಾಗಿ ವಾಪಸ್ ಪಡೆದೆ. ಆ ಹೊತ್ತು ಮಕ್ಕಳ ಮುಖ ನೋಡಲಾಗಲಿಲ್ಲ.

ಮನೆಗೆ ಬಂದು ಕಡತ ತೆರೆದೆ. ಮೊಟ್ಟಮೊದಲ ಸಾಲಿನಲ್ಲೇ ‘ಬ್ಯಾಚ್‌ಮೋಡ್’! ದೋಷಗಳನ್ನು ಪರದೆಗೆ ತರದೆ ಮುಂದೆ ಹೋಗು ಎಂಬ ಆಜ್ಞೆ ಅದು. ಅದಿದ್ದರೂ ಪ್ಯಾಕೇಜ್ ಕಡತ ಸಿಗದಿದ್ದರೆ ಲೇಟೆಕ್ ನಿಂತೇ ಬಿಡುತ್ತದೆ. ಆದ್ದರಿಂದ ಎಕ್ಸ್‌ಶೀಟ್ಸ್ ಕರೆಯುವ ಸಾಲಿನ ಮುಂದೆ ಶೇಕಡಾ ಚಿಹ್ನೆ ಹಾಕಿ ಅದನ್ನೂ ಮುಚ್ಚಿದ್ದಾನೆ; ಆ ಚಿಹ್ನೆಯ ಮುಂದಿನದನ್ನು ಲೇಟೆಕ್ ಓದುವುದೇ ಇಲ್ಲ. ಇಷ್ಟೇ ಆತ ಮಾಡಿದ ಕೆಲಸ. ಎರಡು ಸಾಲು! ಪ್ಯಾಕೇಜೇ ಇಲ್ಲದ ಮೇಲೆ ಉತ್ತರವನ್ನು ಬಚ್ಚಿಡುವವರು ಯಾರು? ಲೇಟೆಕ್ ತನ್ನ ದೋಷಗಳನ್ನೆಲ್ಲ ಬರೆದಿಡುವ ಲಾಗ್ ಕಡತದಲ್ಲಿ ‘ಎನ್ವಿರಾನ್‌ಮೆಂಟ್ ಸೊಲ್ಯೂಷನ್ ಅನ್‌ಡಿಫೈನ್ಡ್’ (ಉತ್ತರದ ಭಾಗವನ್ನು ಗುರುತಿಸುವ ‘ಸೊಲ್ಯೂಷನ್’ ಏನೆಂದು ಗೊತ್ತಿಲ್ಲ) ಎಂದು 24 ಬಾರಿ ಬರೆದಿತ್ತು. ನಾನು ಅದನ್ನು ತೆರೆದೇ ಇರಲಿಲ್ಲ.

ಕರೆ ಮಾಡಿ ಕೇಳಿದೆ. ‘ಎರರ್ ಕಾಣಬಾರದು ಎಂದು ನೀವೇ ಹೇಳಿದ್ದಿರಿ ಸರ್. ಈಗ ಕಾಣುತ್ತಿಲ್ಲವಲ್ಲ’ ಎಂದ. ನಾನು ಹೇಳಿದ್ದು ಹಾಳೆ ಸರಿಯಾಗಿ ಬರಬೇಕೆಂದು. ‘ಉತ್ತರ ಬರಬಾರದು ಎಂದು ಹೇಳಲಿಲ್ಲ’ ಎಂದ. ಅಭ್ಯಾಸ ಹಾಳೆಯಲ್ಲಿ ಉತ್ತರ ಇರಬಾರದೆಂದು ಬೇರೆ ಹೇಳಬೇಕೇ? ಹಣ ವಾಪಸ್ ಕೇಳಿದರೆ, ‘ಪಿಡಿಎಫ್ ಬಂದಿದೆ, ಕೆಲಸ ಮುಗಿದಿದೆ.’ ಆಮೇಲೆ ಕರೆ ಎತ್ತಲಿಲ್ಲ.

ನಿಜವಾದ ಪರಿಹಾರ ಒಂದೇ ಆಜ್ಞೆಯದು. ಹೊಸ ಕಂಪ್ಯೂಟರಿನಲ್ಲಿ ಟೆಕ್ ಲೈವ್‌ನ (ಲೇಟೆಕ್ ಮತ್ತು ಅದರ ಪ್ಯಾಕೇಜ್‌ಗಳ ಸಂಗ್ರಹ) ಚಿಕ್ಕ ಆವೃತ್ತಿ ಹಾಕಿಕೊಂಡಿದ್ದೆ, ಅದರಲ್ಲಿ ಈ ಪ್ಯಾಕೇಜ್ ಇರಲಿಲ್ಲ. ಪ್ಯಾಕೇಜ್ ಸ್ಥಾಪಿಸುವ ಅದರದೇ ಸಾಧನ ಟಿಎಲ್‌ಎಂಜಿಆರ್ ಮೂಲಕ ಸ್ಥಾಪಿಸಿದ ಕೂಡಲೇ ಹಳೆಯ ಕಡತ ಮೊದಲಿನಂತೆ ಓಡಿತು. ಹೊಸದಾಗಿ ಆರಂಭಿಸುವವರು ಎಕ್ಸ್‌ಸಿಮ್ ಎಂಬ ಪ್ಯಾಕೇಜ್ ಬಳಸಿ. ಎಕ್ಸ್‌ಶೀಟ್ಸ್ ಬರೆದವರೇ ಅದನ್ನು ಕೈಬಿಟ್ಟು ಇದನ್ನು ಸೂಚಿಸಿದ್ದಾರೆ. ಎಕ್ಸ್‌ಶೀಟ್ಸ್‌ನಲ್ಲಿ ಪ್ರಶ್ನೆಯ ಎನ್ವಿರಾನ್‌ಮೆಂಟ್ ಹೆಸರು ‘ಕ್ವೆಶ್ಚನ್’, ಇದರಲ್ಲಿ ‘ಎಕ್ಸರ್‌ಸೈಜ್’, ಹಾಗಾಗಿ ಪ್ಯಾಕೇಜ್ ಹೆಸರನ್ನಷ್ಟೇ ಬದಲಿಸಿದರೆ ಸಾಲದು.

ಯಾರಾದರೂ ‘ಎರರ್ ಹೋಯಿತು’ ಎಂದರೆ ಮೊದಲು ಕಡತದಲ್ಲಿ ‘ಬ್ಯಾಚ್‌ಮೋಡ್’, ‘ನಾನ್‌ಸ್ಟಾಪ್‌ಮೋಡ್’ (ದೋಷ ಬಂದರೂ ನಿಲ್ಲದೆ ಮುಂದೆ ಹೋಗು ಎಂಬ ಆಜ್ಞೆ) ಎಂಬ ಪದಗಳನ್ನು ಹುಡುಕಿ. ಲಾಗ್ ನೋಡಿ. ಎಲ್ಲ ಪುಟಗಳನ್ನೂ ನೋಡಿ, ಎಲ್ಲವನ್ನೂ! ಮುಂಗಡ ಮಾತ್ರ ಕೊಡಬೇಡಿ. ನನ್ನ ₹1,500 ಇನ್ನೂ ಬಂದಿಲ್ಲ.