ಸಿ ಕಲಿಯೋಕೆ ಯಾವ ಕಂಪೈಲರ್? ಟರ್ಬೊ ಸಿ, ಕೋಡ್‌ಬ್ಲಾಕ್ಸ್, ಜಿಸಿಸಿ, ಕ್ಲ್ಯಾಂಗ್ ಹೋಲಿಕೆ

ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಅನ್ನು ಕಂಪ್ಯೂಟರ್ ಓಡಿಸುವ ರೂಪಕ್ಕೆ ತರುವ ಸಾಫ್ಟ್‌ವೇರೇ ಕಂಪೈಲರ್. ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ: ಲಿನಕ್ಸ್‌ನಲ್ಲಿ ಜಿಸಿಸಿ ಎಂಬ ಉಚಿತ ಕಂಪೈಲರ್, ವಿಂಡೋಸ್ ಇದ್ದರೆ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಒಳಗೆ ಅದೇ ಜಿಸಿಸಿ. ಒಂದೇ ಪ್ರೋಗ್ರಾಂಗಳನ್ನು ಎಲ್ಲದರಲ್ಲೂ ಓಡಿಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ಟರ್ಬೊ ಸಿ ಹಾಕಿಕೊಳ್ಳುವುದು ಸುಲಭ, ಒಪ್ಪುತ್ತೇನೆ. ಡಾಸ್‌ಬಾಕ್ಸ್ (ಹಳೆಯ ಡಾಸ್ ಪ್ರೋಗ್ರಾಂಗಳನ್ನು ಇಂದಿನ ಕಂಪ್ಯೂಟರ್‌ನಲ್ಲಿ ಓಡಿಸುವ ಸಾಫ್ಟ್‌ವೇರ್) ಜೊತೆ ಬರುವ ಪ್ಯಾಕೇಜ್ ಹಾಕಿದರೆ ನೀಲಿ ಪರದೆ ತೆರೆದುಕೊಳ್ಳುತ್ತದೆ, ಅಲ್ಲೇ ಬರೆದು ಅಲ್ಲೇ ಓಡಿಸಬಹುದು. ಆದರೆ ಅದು ಡಾಸ್ ಕಾಲದ ಕಂಪೈಲರ್. ಅದರಲ್ಲಿ ಇಂಟ್ (ಪೂರ್ಣಾಂಕ ಇಡುವ ವೇರಿಯಬಲ್) ಅಂದರೆ 16 ಬಿಟ್, 32767 ದಾಟುವ ಹಾಗಿಲ್ಲ. ಎರಡು ಇಂಟ್‌ಗಳಲ್ಲಿ 30000 ಮತ್ತು 10000 ಇಟ್ಟು ಕೂಡಿಸಿದರೆ -25536 ಬರುತ್ತದೆ! ಜಿಸಿಸಿಯಲ್ಲಿ ಸರಿಯಾಗಿ 40000. ಫಾರ್ ಲೂಪ್ ಒಳಗೇ ವೇರಿಯಬಲ್ ಡಿಕ್ಲೇರ್ ಮಾಡುವುದು ಸಿ ಭಾಷೆಯ 1999ರ ಸ್ಟ್ಯಾಂಡರ್ಡ್‌ನಲ್ಲೇ ಬಂತು, ಸಿ ಫೈಲ್‌ನಲ್ಲಿ ಹಾಗೆ ಬರೆದರೆ ಟರ್ಬೊ ಎರರ್ ಕೊಡುತ್ತದೆ. ಪರದೆ, ಕೀಬೋರ್ಡ್ ಕೆಲಸಗಳಿಗೆ ಟರ್ಬೊದಲ್ಲಿ ಬಳಸುವ ಕೊನಿಯೊ ಹೆಡರ್ ರೂಢಿಯಾದವರಿಗೆ ಲಿನಕ್ಸ್‌ಗೆ ಬಂದ ಕೂಡಲೇ ತಡೆ, ಅಲ್ಲಿ ಅದು ಇರುವುದೇ ಇಲ್ಲ.

ಸಿ ಕಲಿಯುವುದು ಸುಮ್ನೆ ಪರೀಕ್ಷೆಗಲ್ಲ ಅಲ್ವಾ? ಲಿನಕ್ಸ್ ಕರ್ನಲ್, ಗಿಟ್, ಎಸ್‌ಕ್ಯುಲೈಟ್, ಪೈಥಾನ್‌ನ ಮುಖ್ಯ ಇಂಟರ್ಪ್ರಿಟರ್, ಇವೆಲ್ಲ ಬಹುಪಾಲು ಸಿಯಲ್ಲೇ ಬರೆದವು. ಆರ್ಡುಯಿನೊ ಊನೊ ಆರ್3 ಎಂಬ ಪುಟ್ಟ ಎಲೆಕ್ಟ್ರಾನಿಕ್ಸ್ ಬೋರ್ಡ್‌ಗೆ ನೀವು ಬರೆದದ್ದನ್ನು ಕಂಪೈಲ್ ಮಾಡುವುದೂ ಅದರ ಎವಿಆರ್ ಚಿಪ್‌ಗೆಂದೇ ಇರುವ ಜಿಸಿಸಿ ರೂಪ. ಇವತ್ತು ಕಲಿತ ಫ್ಲ್ಯಾಗ್‌ಗಳು (ಕಂಪೈಲರ್‌ಗೆ ಕಮಾಂಡ್ ಜೊತೆ ಕೊಡುವ ಸೂಚನೆಗಳು) ನಾಳೆ ಆ ಕೆಲಸಕ್ಕೂ ಬರುತ್ತವೆ, ನನಗೆ ಇದೇ ದೊಡ್ಡ ಕಾರಣ.

ಕೋಡ್‌ಬ್ಲಾಕ್ಸ್ ಕಂಪೈಲರ್ ಅಲ್ಲ, ಎಡಿಟರ್. ಡೌನ್‌ಲೋಡ್ ಮಾಡುವಾಗ ಹೆಸರಲ್ಲಿ ಮಿಂಗ್‌ಡಬ್ಲ್ಯು (ಜಿಸಿಸಿಯ ವಿಂಡೋಸ್ ರೂಪ) ಇರುವ ಫೈಲ್ ಆರಿಸಿ, ಇಲ್ಲದಿದ್ದರೆ ಕಂಪೈಲರ್ ಜೊತೆಗೆ ಬರುವುದಿಲ್ಲ. ಟರ್ಮಿನಲ್ ಕಂಡರೆ ಹಿಂಜರಿಯುವವರಿಗೆ ಇದು ಒಳ್ಳೆಯ ಆರಂಭ. ವಿಂಡೋಸ್‌ನಲ್ಲೇ ಇಂಥ ಟೂಲ್‌ಗಳನ್ನು ಹಾಕಿಕೊಡುವ ಎಂಸಿಸ್2 ಹೊಸ ಜಿಸಿಸಿ ಕೊಡುತ್ತದೆ, ಆದರೆ ಅದರ ಬಿನ್ ಫೋಲ್ಡರನ್ನು ಪಾತ್‌ಗೆ (ವಿಂಡೋಸ್ ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ನೀವೇ ಸೇರಿಸಬೇಕು. ಹೊಸಬರು ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಡಬ್ಲ್ಯುಎಸ್‌ಎಲ್‌ನಲ್ಲಿ ಆ ಪಾತ್ ತಲೆನೋವು ಇಲ್ಲ. ಉಬುಂಟು ಎಂಬ ಲಿನಕ್ಸ್ ಹಾಕಿ, ಬಿಲ್ಡ್ ಎಸೆನ್ಷಿಯಲ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿದರೆ ಜಿಸಿಸಿ, ಮೇಕ್ (ಹಲವು ಫೈಲ್‌ಗಳನ್ನು ಒಂದೇ ಕಮಾಂಡ್‌ನಲ್ಲಿ ಕಂಪೈಲ್ ಮಾಡಿಸುವ ಟೂಲ್) ಎರಡೂ ಬರುತ್ತವೆ. ಇಲ್ಲಿ ನನಗೆ ತುಂಬಾ ಇಷ್ಟವಾದದ್ದು ಅಡ್ರೆಸ್ ಸ್ಯಾನಿಟೈಜರ್, ಅಂದರೆ ಪ್ರೋಗ್ರಾಂ ಓಡುವಾಗಲೇ ಮೆಮೊರಿ ತಪ್ಪುಗಳನ್ನು ಹಿಡಿಯುವ ಸೌಲಭ್ಯ. 5 ಅಂಶಗಳ ಅರೇಯಲ್ಲಿ 6ನೆಯದಕ್ಕೆ ಬರೆದು ನೋಡಿ. ಟರ್ಬೊ ಏನೂ ಹೇಳದೆ ಓಡಿಸಬಹುದು, ಪಕ್ಕದ ವೇರಿಯಬಲ್ ಹಾಳಾಗಿರುತ್ತದೆ. ಸ್ಯಾನಿಟೈಜರ್ ಮತ್ತು ಡೀಬಗ್ ಫ್ಲ್ಯಾಗ್ ಎರಡೂ ಹಾಕಿ ಕಂಪೈಲ್ ಮಾಡಿದರೆ ಪ್ರೋಗ್ರಾಂ ಅಲ್ಲೇ ನಿಂತು ಯಾವ ಸಾಲಿನಲ್ಲಿ ತಪ್ಪಾಗಿದೆ ಅಂತ ತೋರಿಸುತ್ತದೆ. ಪಾಯಿಂಟರ್ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ. ಎಂಸಿಸ್2ರ ಜಿಸಿಸಿಯಲ್ಲಿ ಈ ಸೌಲಭ್ಯ ಸಿಗುವುದಿಲ್ಲ.

ಕ್ಲ್ಯಾಂಗ್ ಎಂಬ ಇನ್ನೊಂದು ಉಚಿತ ಕಂಪೈಲರ್‌ನಲ್ಲೂ ಸ್ಯಾನಿಟೈಜರ್ ಇದೆ, ಎರರ್ ಸಂದೇಶಗಳೂ ಓದೋಕೆ ಸ್ಪಷ್ಟ. ಈಗಿನ ಜಿಸಿಸಿ ಅದರ ಹತ್ತಿರಕ್ಕೇ ಬಂದಿದೆ. ಮ್ಯಾಕ್ ಇರುವವರು ಆಪಲ್‌ನ ಎಕ್ಸ್‌ಕೋಡ್‌ ಕಮಾಂಡ್ ಲೈನ್ ಟೂಲ್ಸ್ ಹಾಕಿದರೆ ಸಾಕು. ಅಲ್ಲಿ ಜಿಸಿಸಿ ಅಂತ ಟೈಪ್ ಮಾಡಿದರೂ ಓಡುವುದು ಕ್ಲ್ಯಾಂಗೇ.