ಹೈ ಪವರಿನ ಮೂರು ಮರಿಗಳು: ಹೊಡೆದು ನೋಡಿದ ಮೇಲೆ

ನನ್ನ ಚಿಕ್ಕಪ್ಪ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆಗಿದ್ದರು. ಬಂದೋಬಸ್ತ್ ಡ್ಯೂಟಿಯ ಮಧ್ಯೆ ಮೂಡಿಗೆರೆ ಹತ್ತಿರದ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಎಲೆ ಮುಂದೆ ಕೂತಾಗಲೂ ಸೊಂಟದ ಬೆಲ್ಟ್ ಬಿಚ್ಚುತ್ತಿರಲಿಲ್ಲ. ಚರ್ಮದ ಚೀಲದಿಂದ ಇಣುಕುವ ಕಪ್ಪು ಹಿಡಿ, ಅದರ ಬುಡದ ಬಳೆಯಿಂದ ಹೊರಟು ಹೆಗಲವರೆಗೆ ಹೋಗುವ ಖಾಕಿ ಹುರಿ. ನನಗೆ ಕಂಡದ್ದು ಅಷ್ಟೇ. ಮುಟ್ಟೋ ಮಾತೇ ಇರಲಿಲ್ಲ.

ಹಾಗಂತ ನಮ್ಮ ಮನೆಗೆ ಕೋವಿ ಹೊಸದಲ್ಲ. ಬೆಳೆ ರಕ್ಷಣೆ ಲೈಸೆನ್ಸಿನ ಒಂಟಿ ನಳಿಗೆಯ ತೋಟಾ ಕೋವಿ ಇತ್ತು. ತೋಟಕ್ಕೆ ಹಂದಿ ನುಗ್ಗಿದಾಗ ಹೊರಗೆ ಬರುತ್ತಿತ್ತು. ಎಲೆಕ್ಷನ್ ಬಂದರೆ ಅಪ್ಪ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ತರುತ್ತಿದ್ದರು. ಆದರೆ ಚಿಕ್ಕಪ್ಪನ 9 ಎಂಎಂ ಪಿಸ್ತೂಲು ಬೇರೆ ಲೋಕದ್ದು. ನಮ್ಮ ದೇಶದಲ್ಲಿ 9 ಎಂಎಂ ಅಂದರೆ ನಿಷೇಧಿತ ಬೋರ್ (ನಳಿಗೆಯ ಅಳತೆ). ಕೈಯಲ್ಲಿ ದುಡ್ಡಿದ್ದರೂ ನಮ್ಮಂಥ ಜನಸಾಮಾನ್ಯರು ಕೊಳ್ಳೋ ಹಾಗಿಲ್ಲ.

ಅದು ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾದ ಬ್ರೌನಿಂಗ್ ಹೈ ಪವರ್ ಅನ್ನೋದು ಗೊತ್ತಾಗಿದ್ದು ನಾನು ಟೆಕ್ಸಾಸ್‌ಗೆ ಬಂದ ಮೇಲೆ. ಇಲ್ಲೂ ತಕ್ಷಣ ಕೊಳ್ಳಲಿಲ್ಲ. ತಾತ್ಕಾಲಿಕ ವೀಸಾದ ಮೇಲೆ ಇರುವವರು ಗನ್ ಇಟ್ಟುಕೊಳ್ಳೋದಕ್ಕೆ ಅಮೆರಿಕದ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬೇಟೆ ಲೈಸೆನ್ಸ್ ಮಾಡಿಸಿದವರಿಗೆ ವಿನಾಯಿತಿ ಇದೆ, ಆದರೆ ನನಗೆ ಆ ಅಡ್ಡದಾರಿ ಬೇಡವಾಗಿತ್ತು. ಗ್ರೀನ್ ಕಾರ್ಡ್ ಬರುವ ಹೊತ್ತಿಗೆ ಈ ಪಿಸ್ತೂಲನ್ನು ಮಾರುತ್ತಿದ್ದ ಬ್ರೌನಿಂಗ್ ಕಂಪನಿಯವರು ಹೈ ಪವರನ್ನೇ ನಿಲ್ಲಿಸಿಬಿಟ್ಟಿದ್ದರು. 2018ರಲ್ಲಿ ಆ ಸುದ್ದಿ ಬಂದಾಗ ಇಲ್ಲಿನ ಗನ್ ಪ್ರಿಯರು ಮನೆಯ ಹಿರಿಯರು ಹೋದ ಹಾಗೆ ಮಾತಾಡಿಕೊಂಡರು. ಹಳೇ ಪಿಸ್ತೂಲುಗಳ ಬೆಲೆ ಏರಿತು.

ಆಮೇಲೆ ಮಳೆ ಬಿದ್ದ ಮೇಲೆ ಅಣಬೆ ಎದ್ದ ಹಾಗಾಯಿತು. 2021ರ ಅಕ್ಟೋಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಕಂಪನಿ ಹೈ ಪವರಿನದೇ ಮಾದರಿಯ ತನ್ನ ಎಸ್‌ಎ-35 ಅನ್ನು ಮಾರುಕಟ್ಟೆಗೆ ಬಿಟ್ಟಿತು. ಮೂರೇ ತಿಂಗಳಲ್ಲಿ, 2022ರ ಜನವರಿಯಲ್ಲಿ, ಮೂಲ ತಯಾರಕರಾದ ಬೆಲ್ಜಿಯಂನ ಎಫ್‌ಎನ್ ಕಂಪನಿಯೇ ಹೊಸ ಹೈ ಪವರ್ ತಂದಿತು. ಇತ್ತ ಟರ್ಕಿಯ ಗಿರ್ಸಾನ್ ಕಂಪನಿಯ ಎಂಸಿ ಪಿ35 ಕೂಡ ಅಮೆರಿಕದ ಅಂಗಡಿಗಳಿಗೆ ಬಂದು ಕೂತಿತು. ಸತ್ತಿತು ಅಂದುಕೊಂಡ ಪಿಸ್ತೂಲಿಗೆ ಮೂರು ಮರಿ.

ಎಸ್‌ಎ-35 ನನ್ನದೇ. ಗಿರ್ಸಾನ್ ಹಾಸನದ ಗೆಳೆಯನದು. ಎಫ್‌ಎನ್ ಅನ್ನು ಊರ ಹೊರಗಿನ ರೇಂಜಿನಲ್ಲಿ ಬಾಡಿಗೆಗೆ ತಗೊಂಡೆ. ಎರಡು ಭಾನುವಾರ ಕೂತು ಮೂರರಲ್ಲೂ ತಲಾ 150 ತೋಟಾ ಹೊಡೆದೆವು. ಪಕ್ಕದ ಲೇನಿನಲ್ಲಿದ್ದ ಹಿರಿಯರೊಬ್ಬರು ನಮ್ಮ ಹುಚ್ಚು ನೋಡಿ, ತಮ್ಮ ಹಳೇ ಬೆಲ್ಜಿಯಂ ಹೈ ಪವರನ್ನು ಕೈಗೆ ಕೊಟ್ಟು, ಒಂದು ಮ್ಯಾಗಜೀನ್ (ತೋಟಾ ತುಂಬುವ ಡಬ್ಬಿ) ಹೊಡೆಯಲು ಬಿಟ್ಟರು. ಪುಣ್ಯಾತ್ಮ. ಅದಿಲ್ಲದಿದ್ದರೆ ಈ ಹೋಲಿಕೆಗೆ ತಳಪಾಯವೇ ಇರುತ್ತಿರಲಿಲ್ಲ.

ಮೊದಲು ಹಳೆಯದರ ಮಾತು. ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ಈ ಪಿಸ್ತೂಲಿನ ಕೆಲಸ ಶುರು ಮಾಡಿ, 1926ರಲ್ಲಿ ಬೆಲ್ಜಿಯಂನ ಲಿಯೇಜ್‌ನಲ್ಲಿ ತೀರಿಕೊಂಡರು. ಮುಗಿಸಿದವರು ಎಫ್‌ಎನ್‌ನ ದ್ಯುಡೊನೆ ಸೇವ್. ಬೆಲ್ಜಿಯಂ ಸೇನೆ 1935ರಲ್ಲಿ ತಗೊಂಡಿತು. ಏಳೆಂಟು ತೋಟಾ ಹಿಡಿಯುವ ಪಿಸ್ತೂಲುಗಳ ಕಾಲದಲ್ಲಿ ಇದು 13 ಹಿಡಿಯುತ್ತಿತ್ತು. ತೋಟಾಗಳನ್ನು ಮ್ಯಾಗಜೀನಿನಲ್ಲಿ ಎರಡು ಸಾಲಾಗಿ ಜೋಡಿಸುವ ಏರ್ಪಾಡು ಸೇವ್ ಅವರದು. ಇಷ್ಟಾದರೂ ಹಿಡಿ ದಪ್ಪ ಆಗಿಲ್ಲ, ಅದೇ ಸೋಜಿಗ. ಇದೇ ಸೇವ್ ಆಮೇಲೆ ಎಫ್‌ಎಎಲ್ ರೈಫಲನ್ನೂ ರೂಪಿಸಿದರು. ಅದರ ಭಾರತೀಯ ರೂಪವೇ ನಮ್ಮ ಎಸ್‌ಎಲ್‌ಆರ್. ಅಂದರೆ ಸ್ಟೇಷನ್ ಬಾಗಿಲಲ್ಲಿ ಎಸ್‌ಎಲ್‌ಆರ್ ಹಿಡಿದು ನಿಂತ ಪೇದೆಯ ಕೈಯಲ್ಲಿರುವುದೂ, ಒಳಗೆ ಕೂತ ಸಾಹೇಬರ ಸೊಂಟದಲ್ಲಿರುವುದೂ ಒಬ್ಬನೇ ಮನುಷ್ಯನ ಮೇಜಿನಿಂದ ಎದ್ದು ಬಂದವು.

ಪಿಸ್ತೂಲಿನ ಹಿಂಭಾಗದಲ್ಲಿ ಬಡಿಯುವ ಹ್ಯಾಮರಿಗೆ ನಮ್ಮ ಕಡೆ ಕುದುರೆ ಅಂತಾರೆ. ಹಳೇ ಹೈ ಪವರಿನ ಕುದುರೆ ಕಚ್ಚುತ್ತದೆ. ಇದು ಲೋಕಕ್ಕೇ ಗೊತ್ತಿರುವ ವಿಷಯ. ಗುಂಡು ಹಾರಿದಾಗ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗ, ಹಿಂದಕ್ಕೆ ಬಂದು ಕುದುರೆಯನ್ನು ಕೆಳಕ್ಕೆ ಒತ್ತುತ್ತದೆ. ಕೈ ಮೇಲಕ್ಕೆ ಏರಿಸಿ ಹಿಡಿದವರ ಹೆಬ್ಬೆರಳು ತೋರುಬೆರಳುಗಳ ನಡುವಿನ ಚರ್ಮ ಅದರ ಕೆಳಗೆ ಸಿಕ್ಕಿಕೊಳ್ಳುತ್ತದೆ. ಪಿಸ್ತೂಲು ಕೊಟ್ಟ ಹಿರಿಯರು ತಮ್ಮ ಕೈ ಚಾಚಿ ಅಲ್ಲಿ ಗಟ್ಟಿಯಾದ ಗುರುತನ್ನು ತೋರಿಸಿದರು, ಹಸು ಸಾಕಿದವರು ಒದೆ ತಿಂದ ಮಂಡಿ ತೋರಿಸೋ ಹಾಗೆ. ಇನ್ನೊಂದು ತಕರಾರು ಟ್ರಿಗರಿನದು. ಮ್ಯಾಗಜೀನ್ ತೆಗೆದರೆ ಗುಂಡು ಹಾರಬಾರದು ಎಂದು ಒಂದು ಏರ್ಪಾಡು ಇಟ್ಟಿದ್ದಾರೆ. ಅದು ಮ್ಯಾಗಜೀನಿಗೆ ಉಜ್ಜುತ್ತಾ ಇರುತ್ತದೆ. ಹಾಗಾಗಿ ಟ್ರಿಗರ್ ಎಳೆದರೆ ಬೆಲ್ಲದ ಪಾಕದಲ್ಲಿ ಚಮಚ ಆಡಿಸಿದಂತೆ ಇರುತ್ತದೆ. ಇಷ್ಟೆಲ್ಲ ಇದ್ದೂ ಕೈಗೆ ಬಂದ ಕೂಡಲೇ ಗುರಿ ತಾನಾಗಿ ಎದುರಿಗೆ ಬಂದು ಕೂರುತ್ತದೆ. ಅದಕ್ಕೇ ಜನ ಇದರ ಹಿಂದೆ ಬಿದ್ದದ್ದು.

ಈಗ ಎಸ್‌ಎ-35. ಸ್ಪ್ರಿಂಗ್‌ಫೀಲ್ಡಿನವರು ಮಾಡಿದ್ದು ಜಾಣ ಕೆಲಸ. ಮೈಕಟ್ಟು ಮುಟ್ಟಲಿಲ್ಲ, ತಕರಾರುಗಳಿಗೆ ಮಾತ್ರ ಕೈ ಹಾಕಿದರು. ಕುದುರೆಯ ಆಕಾರ ಬದಲಾಗಿದೆ, ಅದರ ಕೆಳಗೆ ಹಿಡಿಯಿಂದ ಹಿಂದಕ್ಕೆ ಚಾಚುವ ಬಾಲವೂ ತಿದ್ದಿಕೊಂಡಿದೆ. ನಾನು ಎಷ್ಟು ಮೇಲೆ ಹಿಡಿದರೂ ಕಚ್ಚಲಿಲ್ಲ. ಆ ಉಜ್ಜುವ ಏರ್ಪಾಡನ್ನು ಕಿತ್ತೇ ಹಾಕಿದ್ದಾರೆ. ಸೇಫ್ಟಿ ಗುಂಡಿ ಉದ್ದ ಆಗಿದೆ, ಹೆಬ್ಬೆರಳಿಗೆ ಹುಡುಕಾಟ ಇಲ್ಲ. ಮ್ಯಾಗಜೀನಿಗೆ 15 ತೋಟಾ. ವಾಲ್‌ನಟ್ ಮರದ ಹಿಡಿ, ಹೊಳಪಿಲ್ಲದ ಕಪ್ಪು ಬಣ್ಣ. ತೂಕ 900 ಗ್ರಾಂ ಹತ್ತಿರ, ಹೆಚ್ಚುಕಮ್ಮಿ ಹಳೆಯದರಷ್ಟೇ.

ಕಣ್ಣು ಮುಚ್ಚಿ ಎರಡನ್ನೂ ಕೈಗೆ ತಗೊಂಡು ನೋಡಿದೆ. ಹಿಡಿಯಲ್ಲಿ ವ್ಯತ್ಯಾಸ ಹೇಳೋಕಾಗಲಿಲ್ಲ. ಟ್ರಿಗರ್ ಎಳೆದಾಗ ಮಾತ್ರ ತಕ್ಷಣ ಗೊತ್ತಾಯಿತು. ಎಸ್‌ಎ-35ರಲ್ಲಿ ಸ್ವಲ್ಪ ಸಡಿಲ, ಆಮೇಲೆ ಒಂದು ಗೋಡೆ, ಆಮೇಲೆ ಹಪ್ಪಳ ಮುರಿದ ಹಾಗೆ ಟಕ್ ಅಂತ ಕಳಚುತ್ತದೆ.

ಎಫ್‌ಎನ್ ಬೇರೆಯದೇ ಪ್ರಾಣಿ. ಹೆಸರು ಹೈ ಪವರ್. ಇಂಗ್ಲಿಷಿನಲ್ಲಿ ಹಳೆಯದಕ್ಕೂ ಇದಕ್ಕೂ ಕಾಗುಣಿತ ಬೇರೆ, ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ದೂರದಿಂದ ನೋಡಿದರೆ ಅಣ್ಣತಮ್ಮಂದಿರು. ಹತ್ತಿರ ಬಂದರೆ ಎಲ್ಲವೂ ಹೊಸದು. ಮ್ಯಾಗಜೀನಿಗೆ 17 ತೋಟಾ. ತೂಕ 1,100 ಗ್ರಾಂ ದಾಟುತ್ತದೆ. ಎಸ್‌ಎ-35ಕ್ಕಿಂತ ಕಾಲು ಕೆಜಿಯಷ್ಟು ಜಾಸ್ತಿ. ಸೇಫ್ಟಿ, ಸ್ಲೈಡನ್ನು ಹಿಂದೆ ತಡೆದು ಹಿಡಿಯುವ ಸ್ಲೈಡ್ ಸ್ಟಾಪ್ ಎರಡೂ ಬದಿಗೆ ಇವೆ. ಬಿಚ್ಚಿ ತೊಳೆಯುವುದೂ ಸುಲಭ. ಹಳೆಯದರ ಮ್ಯಾಗಜೀನ್ ಇದಕ್ಕೆ ಕೂರುವುದಿಲ್ಲ, ಬಿಡಿಭಾಗ ಹೊಂದುವುದಿಲ್ಲ.

ಇಲ್ಲಿನ ಗನ್ ಪ್ರಿಯರು ಎರಡು ಪಂಗಡ ಆಗಿರುವುದು ಇದೇ ವಿಷಯಕ್ಕೆ. ಒಬ್ಬರು, "ಹೆಸರು ಮಾತ್ರ ಹಳೆಯದು, ಒಳಗೆ ಇರೋದು ಬೇರೆ ಗನ್" ಅನ್ನುತ್ತಾರೆ. ಇನ್ನೊಬ್ಬರು, "ಮಾಡಿದವರೇ ಬದಲಾಯಿಸಿದರೆ ಕೇಳೋಕೆ ನೀನ್ಯಾರು?" ಅನ್ನುತ್ತಾರೆ. ನಾನು ಮೊದಲನೇ ಪಂಗಡದಲ್ಲೇ ಹೋಗಿದ್ದು. ಹೊಡೆದ ಮೇಲೆ ಬಾಯಿ ಸ್ವಲ್ಪ ಮುಚ್ಚಿತು. ಆ ಕಾಲು ಕೆಜಿ ಸುಮ್ನೆ ಕೂತಿಲ್ಲ. ಒಂದರ ಹಿಂದೆ ಒಂದು ಬೇಗ ಬೇಗ ಹೊಡೆದರೂ ಪಿಸ್ತೂಲಿನ ಮೂಗು ಮೇಲೇಳುವುದಿಲ್ಲ. ಎದ್ದರೂ ಗುರಿ ನೋಡುವ ಮುಂದಿನ ಸೈಟ್ ಹೊರಟ ಜಾಗಕ್ಕೇ ವಾಪಸ್ ಬಂದು ಕೂರುತ್ತದೆ.

ಲೆಕ್ಕ ಬೇಕಲ್ಲ, ಕೊಡುತ್ತೇನೆ. 15 ಗಜದಲ್ಲಿ, ಮೇಜಿಗೆ ಕೈ ಊರಿ, ತಲಾ ಹತ್ತು ಗುಂಡು. ಎಫ್‌ಎನ್‌ನ ಹತ್ತೂ ತೂತು ಒಂದು ಉದ್ದಿನ ವಡೆಯಷ್ಟು ಜಾಗದಲ್ಲಿ. ಎಸ್‌ಎ-35ರದ್ದು ಅದಕ್ಕಿಂತ ಎರಡು ಬೆರಳು ಜಾಸ್ತಿ. ಗಿರ್ಸಾನಿನದು ಸೆಟ್ ದೋಸೆ. ಅದೇ ಗಿರ್ಸಾನ್ ಗೆಳೆಯನ ಕೈಗೆ ಹೋದಾಗ ದೋಸೆ ಚಿಕ್ಕದಾಯಿತು, ಆದ್ದರಿಂದ ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. 25 ಗಜಕ್ಕೆ ಹೋದಾಗ ಮೂರರ ನಡುವಿನ ವ್ಯತ್ಯಾಸಕ್ಕಿಂತ ನನ್ನ ಚಾಳೀಸಿನ ಕಣ್ಣೇ ದೊಡ್ಡ ವ್ಯತ್ಯಾಸ ಆಯಿತು. ಅದನ್ನು ಬರೆದು ಪ್ರಯೋಜನ ಇಲ್ಲ.

ಗಿರ್ಸಾನ್ ಬಗ್ಗೆ ಜನ ಮೂಗು ಮುರಿಯುತ್ತಾರೆ. ಟರ್ಕಿಯ ಮಾಲು ಅಂದರೆ ಅಗ್ಗ, ಅಗ್ಗ ಅಂದರೆ ಕಳಪೆ ಅನ್ನೋ ಲೆಕ್ಕ. ನನಗೆ ಹಾಗೆ ಅನ್ನಿಸಲಿಲ್ಲ. ಪ್ಲಾಸ್ಟಿಕ್ ಹಿಡಿ ಮರದಷ್ಟು ಚೆಂದ ಅಲ್ಲ, ಟ್ರಿಗರಿಗೆ ನಮ್ಮಲ್ಲಿನ ಮೂರರಲ್ಲಿ ಬೆರಳಿನ ಬಲ ಜಾಸ್ತಿ ಬೇಕು. ಆದರೆ ಉಕ್ಕಿನ ಮೈ, 15 ತೋಟಾ, ಹಳೆಯದಕ್ಕೆ ಹತ್ತಿರದ ಅಳತೆ ಎಲ್ಲವೂ ಇದೆ. ಅದಕ್ಕಿಂತ ಮುಖ್ಯವಾಗಿ, ಸೇಫ್ಟಿ ಎರಡೂ ಬದಿಗೆ ಇದೆ. ನನ್ನ ಗೆಳೆಯ ಎಡಚ. ಎಸ್‌ಎ-35ರಲ್ಲಿ ಸೇಫ್ಟಿ ಇರುವುದು ಎಡಬದಿಗೆ ಮಾತ್ರ, ಅಂದರೆ ಬಲಗೈಯವರ ಹೆಬ್ಬೆರಳಿಗೆ. ಅವನು ನನ್ನದನ್ನು ಹಿಡಿದು, ಸೇಫ್ಟಿ ಇಳಿಸೋಕೆ ತೋರುಬೆರಳನ್ನು ಆ ಕಡೆಗೆ ಸುತ್ತಿಸಿ ಒದ್ದಾಡಿದ್ದನ್ನು ನೋಡಬೇಕಿತ್ತು. ಬಲಗೈಯವರಿಗೆ ಬಾರಿಸುವ ವೀಣೆ ಕೊಟ್ಟು ಎಡಗೈಯಲ್ಲಿ ನುಡಿಸು ಅಂದ ಹಾಗೆ. "ಚೆನ್ನಾಗಿದೆ ಮಾರಾಯ, ನಿನಗೇ ಇರಲಿ" ಅಂದ.

ಎಡವಟ್ಟು ಒಂದಾಯಿತು. ಗನ್ ಶೋ ಒಂದರಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹೈ ಪವರಿಗೆ ಹೊಂದುವ ಬೇರೆ ಕಂಪನಿಯ ಮ್ಯಾಗಜೀನ್ ಎರಡು ತಂದಿದ್ದೆ. ಕಂಪನಿ ಹೆಸರು ಬೇಡ. ಮೊದಲ ಭಾನುವಾರ ಅದರಲ್ಲಿ ಮೂರು ಸಲ ತೋಟಾ ಮೂಗು ತಗ್ಗಿಸಿಕೊಂಡು ನಳಿಗೆಯ ಬಾಗಿಲಲ್ಲೇ ಸಿಕ್ಕಿಕೊಂಡಿತು. ನಾನು ಪಿಸ್ತೂಲನ್ನೇ ಬೈದೆ. ಗೆಳೆಯ ಸುಮ್ಮನೆ ಮ್ಯಾಗಜೀನ್ ಬದಲಾಯಿಸಿ ಕೊಟ್ಟ. ಪಿಸ್ತೂಲಿನ ಜೊತೆ ಬಂದ ಮ್ಯಾಗಜೀನಿನಲ್ಲಿ ಮತ್ತೆ ಒಮ್ಮೆಯೂ ನಿಲ್ಲಲಿಲ್ಲ. ಹಳೇ ಗನ್ನಿನ ಹೊಸ ಅವತಾರ ಕೊಂಡು ಕೈ ಸುಟ್ಟುಕೊಂಡೆ ಅನ್ನುವವರನ್ನು ನಾನೀಗ ಮೊದಲು ಕೇಳುವ ಪ್ರಶ್ನೆ, "ಮ್ಯಾಗಜೀನ್ ಯಾವುದು?"

ದುಡ್ಡಿನ ಮಾತು. ಎಸ್‌ಎ-35 ಬಿಡುಗಡೆ ಆದಾಗ ಕಂಪನಿ ಹಾಕಿದ ಬೆಲೆ 699 ಡಾಲರ್. ಎಫ್‌ಎನ್‌ನ ಕಪ್ಪು ಬಣ್ಣದ್ದಕ್ಕೆ ಬಿಡುಗಡೆಯಲ್ಲಿ 1,269. ಗಿರ್ಸಾನ್ ಮೂರರಲ್ಲಿ ಅಗ್ಗ, ಗೆಳೆಯ ಕೊಟ್ಟದ್ದು 500 ಡಾಲರಿನ ಆಸುಪಾಸು. ಒಂದು ಎಫ್‌ಎನ್ ದುಡ್ಡಿಗೆ ಎರಡು ಗಿರ್ಸಾನ್ ಬಂದು, ಮೇಲೆ ತೋಟಾಗೂ ಚಿಲ್ಲರೆ ಉಳಿಯುತ್ತಿತ್ತು. ಎಫ್‌ಎನ್ ಆ ದುಡ್ಡಿಗೆ ಒಳ್ಳೆಯ ಪಿಸ್ತೂಲು ಹೌದು. ಆದರೆ ಅಷ್ಟು ಕೊಡುವವನು ಹೈ ಪವರ್ ಆಸೆಗೆ ಕೊಡುತ್ತಾನೋ, ಒಳ್ಳೆಯ ಪಿಸ್ತೂಲಿನ ಆಸೆಗೆ ಕೊಡುತ್ತಾನೋ ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿಕೊಂಡಿರಬೇಕು. ಎರಡನೆಯದಕ್ಕಾದರೆ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ, ಪ್ಲಾಸ್ಟಿಕ್ ಮೈಯವು, ಹಗುರ, ಅರ್ಧ ಬೆಲೆಗೆ.

ಹಾಗಾಗಿ ನನ್ನ ಓಟು ಎಸ್‌ಎ-35ಕ್ಕೆ. ಗುರಿಯಲ್ಲಿ ಅದು ಎರಡನೆಯದು, ಬೆಲೆಯಲ್ಲೂ ಎರಡನೆಯದು. ಆದರೆ ಹಳೆಯದನ್ನು ಕಚ್ಚದ ಹಾಗೆ ಮಾಡಿ, ಮಿಕ್ಕಿದ್ದನ್ನು ಹಾಗೇ ಬಿಟ್ಟವರು ಅವರೇ. ಎಡಚರಿಗೆ ಗಿರ್ಸಾನ್, ಕಣ್ಣು ಮುಚ್ಚಿಕೊಂಡು. ಮನೆಯಲ್ಲಿ ಇಡೋಕೆ, ಸ್ಪರ್ಧೆಗೆ ಹೋಗೋಕೆ ಎಫ್‌ಎನ್ ಬೇಕು ಅನ್ನುವವರ ಜೊತೆ ನಾನಿನ್ನು ಜಗಳ ಆಡುವುದಿಲ್ಲ. ಸೊಂಟಕ್ಕೆ ಕಟ್ಟಿಕೊಂಡು ದಿನವೆಲ್ಲ ಓಡಾಡುತ್ತೇನೆ ಅಂದರೆ ಮಾತ್ರ ನಗುತ್ತೇನೆ.

ಆ ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ರಿಟೈರ್ ಆಗಿ ಎಷ್ಟೋ ವರ್ಷ ಆಯಿತು, ಈಗ ಏಲಕ್ಕಿ ನೋಡಿಕೊಂಡಿದ್ದಾರೆ. ಎರಡು ಭಾನುವಾರದಲ್ಲಿ 450 ತೋಟಾ ಖರ್ಚಾಯಿತು ಅಂದೆ. ಆ ಕಡೆ ಒಂದು ಗಳಿಗೆ ಸದ್ದಿಲ್ಲ.

"ಖಾಲಿ ಕೇಸು ಎಲ್ಲಾ ಎಣಿಸಿ ಕೊಟ್ಯೇನೋ?" ಅಂತ ಕೇಳಿದರು. ಅವರ ಕಾಲದಲ್ಲಿ ಫೈರಿಂಗ್ ಪ್ರಾಕ್ಟೀಸಿನಲ್ಲಿ ಹೊಡೆದದ್ದಕ್ಕಿಂತ ಹುಲ್ಲಿನಲ್ಲಿ ಕೇಸು, ಅಂದರೆ ತೋಟಾದ ಖಾಲಿ ಕೊಳವೆ, ಹುಡುಕಿದ್ದೇ ಜಾಸ್ತಿಯಂತೆ.

ಇಲ್ಲಿ ಗುಡಿಸಿ ಬಕೆಟಿಗೆ ಹಾಕುತ್ತಾರೆ, ಯಾರೂ ಎಣಿಸುವುದಿಲ್ಲ ಅಂದೆ. ಎಸ್‌ಎ-35ರ ಫೋಟೋ ಕಳಿಸಿದೆ. ನೋಡಿ, ದೊಡ್ಡದು ಮಾಡಿ, ಮತ್ತೆ ನೋಡಿದರು ಅಂತ ಕಾಣುತ್ತದೆ.

"ಹ್ಞೂಂ, ನಮ್ಮದೇ. ಮರದ ಹಿಡಿ ಹಾಕಿ ಶೋಕಿ ಮಾಡಿದಾರೆ. ಅದ್ಸರಿ, ಬುಡದಲ್ಲಿ ಬಳೆ ಎಲ್ಲೋ? ಹುರಿ ಎಲ್ಲಿಗೆ ಕಟ್ತೀಯ?"

ಬಳೆ ಇಲ್ಲ. ಆ ವಿಷಯ ನನ್ನ ಪಟ್ಟಿಯಲ್ಲೇ ಇರಲಿಲ್ಲ.