ಆಫ್ ಮಾಡಿದರೆ ಎಲ್ಲ ಮರೆಯುವ ಆಟೊ ಎಸಿ: ದೀರ್ಘ ಬಳಕೆಯ ನಂತರದ ವಿಮರ್ಶೆ

ಕಾರಿನ ಆಟೊ ಎಸಿಯ ಸುಖ ಇರುವುದು ಒಂದೇ ಕಡೆ. 24ಕ್ಕೆ ಇಟ್ಟರೆ ಮತ್ತೆ ಆ ಕಡೆ ಕೈ ಹೋಗಬಾರದು. ವರ್ಷಗಟ್ಟಲೆ ದಿನವೂ ಬಳಸಿದ ಮೇಲೂ ಈ ಸೌಲಭ್ಯಕ್ಕೆ ಒಳ್ಳೆಯ ಅಂಕವನ್ನೇ ಕೊಡಬೇಕು, ಅದಕ್ಕೆ ಮರೆವು ಶುರುವಾಗದಿದ್ದರೆ. ಶುರುವಾದರೆ ಪ್ರತಿ ಸಲ ಗಾಡಿ ಸ್ಟಾರ್ಟ್ ಮಾಡಿದಾಗಲೂ 24 ಇದ್ದದ್ದು 22 ಆಗಿರುತ್ತದೆ, ಕಾಲಿಗೆ ಬರುತ್ತಿದ್ದ ಗಾಳಿ ಮುಖಕ್ಕೆ ಬಡಿಯುತ್ತದೆ, ಗಾಳಿ ತಳ್ಳುವ ಫ್ಯಾನ್, ಅಂದರೆ ಬ್ಲೋವರ್, ತನ್ನಿಷ್ಟದ ವೇಗದಲ್ಲಿ ತಿರುಗುತ್ತದೆ. ತೋರಿಸಿದ ಕೂಡಲೇ ‘ಪ್ಯಾನೆಲ್ (ಎಸಿಯ ಬಟನ್‌ಗಳಿರುವ ನಿಯಂತ್ರಣ ಘಟಕ) ಹೋಗಿದೆ, ಬದಲಾಯಿಸಿ’ ಎನ್ನುವವರು ಇದ್ದಾರೆ. ದಯವಿಟ್ಟು ಒಪ್ಪಬೇಡಿ. ದುಬಾರಿಯಾದ ಆ ಭಾಗದ ಸರದಿ ಕೊನೆಗೆ. ಏನು ಮರೆಯುತ್ತದೆ, ಯಾವಾಗ ಮರೆಯುತ್ತದೆ ಎಂದು ಎರಡು ದಿನ ಬರೆದಿಟ್ಟುಕೊಂಡರೆ ಅರ್ಧ ರಿಪೇರಿ ಆದಂತೆಯೇ.

ಪ್ಯಾನೆಲ್‌ಗೆ ಸಾಮಾನ್ಯವಾಗಿ ಎರಡು ಲೈನ್ ಬರುತ್ತವೆ. ಒಂದು ಕೀ ತಿರುಗಿಸಿದಾಗ ಮಾತ್ರ ಬರುವ ಇಗ್ನಿಷನ್ ಲೈನ್, ಇನ್ನೊಂದು ಬ್ಯಾಟರಿಯಿಂದ ಸದಾ ಇರುವ ಲೈನ್. ಹಳೆಯ ಪ್ಯಾನೆಲ್‌ಗಳಲ್ಲಿ ಎರಡನೆಯದು ಕಡಿದರೆ ನೆನಪೂ ಹೋಯಿತು. ಹೊಸವುಗಳಲ್ಲಿ ಕರೆಂಟ್ ಇಲ್ಲದೆಯೂ ಸೆಟ್ಟಿಂಗ್ ಉಳಿಸಿಕೊಳ್ಳುವ ಇಇಪ್ರಾಮ್ ಚಿಪ್ ಇರುತ್ತದೆ. ಆದರೆ ಎಷ್ಟೋ ಪ್ಯಾನೆಲ್‌ಗಳು ಅದಕ್ಕೆ ಬರೆಯುವುದು ಕೀ ಆಫ್ ಆದ ಮೇಲೆ. ಕಳ್ಳತನದ ಭಯಕ್ಕೆ ಬ್ಯಾಟರಿ ಕಟ್-ಆಫ್ ಸ್ವಿಚ್ ಹಾಕಿಸಿಕೊಂಡು, ಇಳಿಯುತ್ತಲೇ ಅದನ್ನು ತಿರುಗಿಸಿಬಿಟ್ಟರೆ ಚಿಪ್‌ಗೆ ಬರೆಯಲು ಸಮಯವೇ ಸಿಗುವುದಿಲ್ಲ. ಕೀ ಆಫ್ ಮಾಡಿ ಎರಡು ಮೂರು ನಿಮಿಷ ಬಿಟ್ಟು ಸ್ವಿಚ್ ಮುಟ್ಟಿ ನೋಡಿ. ಇಷ್ಟರಿಂದಲೇ ಸರಿಹೋಗಬಹುದು.

ಇಲ್ಲವಾದರೆ ಒಂದು ಪರೀಕ್ಷೆ ಇದೆ, ಖರ್ಚಿಲ್ಲ. ಉಷ್ಣತೆಯನ್ನು 27ಕ್ಕೆ, ಗಾಳಿಯನ್ನು ಕಾಲಿಗೆ, ಬ್ಲೋವರನ್ನು ಎರಡಕ್ಕೆ ಇಡಿ. ಅಂದರೆ ತಾನಾಗಿ ಬರುವ ಸಾಧ್ಯತೆಯೇ ಇಲ್ಲದ ಒಂದು ಜೋಡಣೆ. ಕೀ ತೆಗೆದು, ಬಾಗಿಲು ಲಾಕ್ ಮಾಡಿ ಹತ್ತು ನಿಮಿಷ ಬಿಡಿ. ಈಗ ಬರೀ ಇಗ್ನಿಷನ್ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಈಗಲೇ ಮರೆತಿದ್ದರೆ ಸದಾ ಇರಬೇಕಾದ ಲೈನ್ ಅಥವಾ ಪ್ಯಾನೆಲ್ ಕಡೆ ನೋಡಬೇಕು. ನೆನಪಿದ್ದರೆ ಸೆಲ್ಫ್ ಹೊಡೆಯಿರಿ. ಎಂಜಿನ್ ಎದ್ದ ಆ ಒಂದು ಕ್ಷಣದಲ್ಲಿ 27 ಮಾಯವಾದರೆ ತಪ್ಪು ಬ್ಯಾಟರಿಯದು, ಇಲ್ಲವೇ ಅದರ ಕೇಬಲ್‌ಗಳದು. ವೋಲ್ಟೇಜ್ ಕುಸಿದಾಗ ಪ್ಯಾನೆಲ್‌ನೊಳಗಿನ ಪ್ರೊಸೆಸರ್ ರೀಸೆಟ್ ಆಗಿ, ಕಾರ್ಖಾನೆಯ ಸೆಟ್ಟಿಂಗ್‌ನಿಂದ ಮತ್ತೆ ಶುರು ಮಾಡುತ್ತದೆ.

ಬ್ಯಾಟರಿಯನ್ನು ‘ಗಾಡಿ ಸ್ಟಾರ್ಟ್ ಆಗುತ್ತದಲ್ಲ’ ಎಂಬ ಮಾತಿನಿಂದ ಅಳೆಯಬೇಡಿ, ಮಲ್ಟಿಮೀಟರ್‌ನಿಂದ ಅಳೆಯಿರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ ಸುಮಾರು 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್. 12.4 ಎಂದರೆ ಮುಕ್ಕಾಲು. 12ಕ್ಕೆ ಬಂದಿದ್ದರೆ ಖಾಲಿ ಎಂದೇ ಲೆಕ್ಕ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಸಾಮಾನ್ಯ ಮೀಟರ್ ಅಷ್ಟು ಬೇಗ ತೋರಿಸುವುದಿಲ್ಲ, ‘ಮಿನಿಮಮ್’ ಹಿಡಿದಿಡುವ ಬಟನ್ ಇರುವ ಮೀಟರ್ ಬೇಕು. ಹೊಸ ಬ್ಯಾಟರಿ ಕೊಳ್ಳುವ ಮೊದಲು ಟರ್ಮಿನಲ್ ನೋಡಿ. ಕೈಯಲ್ಲಿ ತಿರುಚಿದರೆ ಕೂದಲೆಳೆಯಷ್ಟೂ ಅಲುಗಬಾರದು. ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಮೊದಲು ನೆಗೆಟಿವ್, ನಂತರ ಪಾಸಿಟಿವ್ ಬಿಚ್ಚಿ ಉಜ್ಜಿ ಸ್ವಚ್ಛ ಮಾಡಿ. ಹಾಕುವಾಗ ಪಾಸಿಟಿವ್ ಮೊದಲು. ಬೆಳಿಗ್ಗೆ ಮಾತ್ರ ಮರೆಯುವ ಕಾರಿನಲ್ಲಿ ರಾತ್ರಿ ಯಾವುದೋ ಉಪಕರಣ ಬ್ಯಾಟರಿ ಹೀರುತ್ತಿರಬಹುದು. ಕಾರಿನ ಎಲ್ಲ ಮಾಡ್ಯೂಲ್‌ಗಳು, ಅಂದರೆ ಒಳಗಿನ ಸಣ್ಣ ಕಂಪ್ಯೂಟರ್‌ಗಳು, ನಿದ್ರೆಗೆ ಹೋದ ಮೇಲೆ 50 ಮಿಲಿಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತಿದ್ದರೆ ಅದನ್ನು ಹುಡುಕಿ.

ಗಡಿಯಾರವೂ ಸೊನ್ನೆಗೆ ಬರುತ್ತದೆಯೇ, ರೇಡಿಯೊ ಸ್ಟೇಷನ್‌ಗಳೂ ಅಳಿಸಿಹೋಗುತ್ತವೆಯೇ? ಹಾಗಿದ್ದರೆ ಫ್ಯೂಸ್ ಬಾಕ್ಸ್ ಮುಚ್ಚಳ ತೆಗೆಯಿರಿ. ಎಷ್ಟೋ ಕಾರುಗಳಲ್ಲಿ ಗಡಿಯಾರ, ಒಳಗಿನ ದೀಪ ಮತ್ತು ಎಸಿ ಪ್ಯಾನೆಲ್‌ನ ನೆನಪಿಗೆ ಒಂದೇ ಫ್ಯೂಸ್ ಇರುತ್ತದೆ. 10 ಆಂಪಿಯರ್‌ನದು ಕೆಂಪು, 15ರದು ನೀಲಿ. ಯಾವ ಸ್ಲಾಟ್ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ. ಕಿತ್ತು ನೋಡುವ ಅಗತ್ಯವಿಲ್ಲ. ಬ್ಲೇಡ್ ಫ್ಯೂಸಿನ ನೆತ್ತಿಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆಗಳಿವೆ. ಮೀಟರಿನ ಕಪ್ಪು ತುದಿಯನ್ನು ಕಾರಿನ ಲೋಹದ ಮೈಗೆ ಹಿಡಿದು, ಕೀ ಆಫ್ ಇರುವಾಗಲೇ, ಕೆಂಪು ತುದಿಯನ್ನು ಒಂದೊಂದಕ್ಕೂ ತಾಗಿಸಿ. ಎರಡರಲ್ಲೂ 12 ವೋಲ್ಟ್ ಬರಬೇಕು. ಒಂದರಲ್ಲಿ ಮಾತ್ರ ಬಂದರೆ ಫ್ಯೂಸ್ ಹೋಗಿದೆ. ಎರಡರಲ್ಲೂ ಬಂದು, ಪ್ಯಾನೆಲ್ ಹಿಂದಿನ ಕಪ್ಲರ್‌ನಲ್ಲಿ (ವೈರ್‌ಗಳು ಸೇರುವ ಪ್ಲಗ್) ಬರದಿದ್ದರೆ ನಡುವಿನ ವೈರ್ ಕಡಿದಿದೆ. ಹೊರಗಿನಿಂದ ತಂದ ಸ್ಟೀರಿಯೊ ಅಥವಾ ಡ್ಯಾಶ್‌ಕ್ಯಾಮ್ ಹಾಕಿಸಿದ ಮೇಲೆ ಮರೆವು ಶುರುವಾಗಿದ್ದರೆ ಅಲ್ಲಿಂದಲೇ ಹುಡುಕಿ. ಸ್ಟೀರಿಯೊದ ಹಳದಿ ವೈರ್ ಸದಾ ಇರುವ ಲೈನಿಗೆ, ಕೆಂಪು ವೈರ್ ಕೀ ಲೈನಿಗೆ. ಅದಲುಬದಲಾದರೆ ಸ್ಟೀರಿಯೊ ಮರೆಯುತ್ತದೆ. ಪ್ಯಾನೆಲ್‌ನ ವೈರನ್ನೇ ಕತ್ತರಿಸಿ ಜೋಡಿಸಿದ್ದರೆ ಎಸಿಯೂ ಮರೆಯುತ್ತದೆ. ಅರ್ಥ್ ಕೂಡ ನೋಡಿ: ಬ್ಲೋವರ್ ಪೂರ್ತಿ ವೇಗದಲ್ಲಿರುವಾಗ ಬ್ಯಾಟರಿ ನೆಗೆಟಿವ್‌ಗೂ ಪ್ಯಾನೆಲ್‌ನ ಅರ್ಥ್ ಪಿನ್‌ಗೂ ನಡುವೆ 0.1 ವೋಲ್ಟ್‌ಗಿಂತ ಹೆಚ್ಚು ತೋರಿಸಬಾರದು.

ಇನ್ನು ಕೆಲವು ‘ಮರೆವು’ಗಳು ದೋಷವೇ ಅಲ್ಲ. ಒಳಗಿನ ಗಾಳಿಯನ್ನೇ ತಿರುಗಿಸುವ ರೀಸರ್ಕ್ಯುಲೇಶನ್ ಬಟನ್ ಅನೇಕ ಕಾರುಗಳಲ್ಲಿ ತಾನಾಗಿ ಆಫ್ ಆಗುವುದು ಗಾಜಿಗೆ ಮಂಜು ಕಟ್ಟದಿರಲೆಂದು. ಡಿಫ್ರಾಸ್ಟ್ ಒತ್ತಿದಾಗ ಎಸಿ ತಾನೇ ಆನ್ ಆಗುವುದೂ ಅದಕ್ಕೇ. ಕೀಗೊಂದು ಪ್ರೊಫೈಲ್ ಇರುವ ಕಾರುಗಳಲ್ಲಿ ಮನೆಯವರ ಕೀ ತೆಗೆದುಕೊಂಡು ಹೋದರೆ ಅವರ ಸೆಟ್ಟಿಂಗೇ ಬರುತ್ತದೆ. ‘ಒಂದೊಂದು ದಿನ ಮಾತ್ರ ಮರೆಯುತ್ತದೆ’ ಎನ್ನುವವರು ಅಂದು ಯಾವ ಕೀ ಹಿಡಿದಿದ್ದರು ಎಂದು ಮೊದಲು ನೆನಪಿಸಿಕೊಳ್ಳಬೇಕು.

ಕಾರಿನ ದೋಷದ ಕೋಡ್‌ಗಳನ್ನು ಓದುವ ಸ್ಕ್ಯಾನರ್ ಹಾಕಿಸುವುದಾದರೆ ಎಂಜಿನ್ ಕೋಡ್ ಮಾತ್ರ ಓದುವ ಅಗ್ಗದ ಉಪಕರಣ ಸಾಲದು. ಬಾಡಿ ಮಾಡ್ಯೂಲ್‌ಗಳ ‘ಬಿ’ ಕೋಡ್‌ಗಳನ್ನೂ, ಮಾಡ್ಯೂಲ್‌ಗಳ ನಡುವಿನ ಸಂಪರ್ಕದ ‘ಯು’ ಕೋಡ್‌ಗಳನ್ನೂ ಓದಬೇಕು. ಯು0164 ಬಂದಿದ್ದರೆ ಎಸಿ ಮಾಡ್ಯೂಲ್‌ನ ಜೊತೆ ಸಂಪರ್ಕ ಕಡಿದಿತ್ತು ಎಂದರ್ಥ. ಆಗ ಮತ್ತೆ ಕರೆಂಟ್, ಅರ್ಥ್, ಕಪ್ಲರ್‌ಗಳನ್ನೇ ನೋಡಬೇಕು.

ಇವೆಲ್ಲ ಸರಿಯಿದ್ದರೆ ಮಾತ್ರ ಪ್ಯಾನೆಲ್ ಬಿಚ್ಚಿ. ಬೋರ್ಡ್‌ನ ಮೇಲೆ ಕಪ್ಲರ್ ಪಿನ್‌ಗಳ ಬುಡದಲ್ಲಿ ಬೆಸುಗೆಯ ಸುತ್ತ ಸಣ್ಣ ಕಪ್ಪು ಉಂಗುರ ಕಂಡರೆ ಅದು ಬಿರುಕು. ಒಳ್ಳೆಯ ಎಲೆಕ್ಟ್ರಾನಿಕ್ಸ್ ರಿಪೇರಿಯವರು ಮತ್ತೆ ಸೋಲ್ಡರ್ ಮಾಡಿಕೊಡುತ್ತಾರೆ. ನೆತ್ತಿ ಉಬ್ಬಿದ ಕೆಪ್ಯಾಸಿಟರ್ ಇದ್ದರೆ ಅದನ್ನೂ ಬದಲಾಯಿಸಿಸಿ. ಸೆಕೆಂಡ್ ಹ್ಯಾಂಡ್ ಪ್ಯಾನೆಲ್ ತರುವುದಾದರೆ ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ಹೊಂದಬೇಕು. ಕೆಲವಕ್ಕೆ ಕಾರಿಗೆ ಹೊಂದಿಸುವ ಕೋಡಿಂಗ್ ಮಾಡದೆ ಕೆಲಸವೇ ಇಲ್ಲ.

ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಮೊದಲ ಸಲ ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡ್ ಒಳಗಿಂದ ಗುಂಯ್ ಎಂಬ ಸಣ್ಣ ಸದ್ದು ಬರಬಹುದು. ಗಾಳಿಯ ಕದಗಳನ್ನು ತಿರುಗಿಸುವ ಮೋಟಾರುಗಳು ತಮ್ಮ ಎರಡೂ ತುದಿಗಳನ್ನು ಮತ್ತೆ ಕಲಿಯುವ ಸಮಯ ಅದು. ಒಂದು ನಿಮಿಷ ಯಾವ ಬಟನ್ನನ್ನೂ ಮುಟ್ಟಬೇಡಿ. ಗುಂಯ್ ಬದಲು ಟಕ್ ಟಕ್ ಎಂದು ಕೇಳುತ್ತಲೇ ಇದ್ದರೆ, ಒಂದು ಬದಿಗೆ ಬಿಸಿ ಇನ್ನೊಂದು ಬದಿಗೆ ತಣ್ಣಗೆ ಬರುತ್ತಿದ್ದರೆ, ಮೋಟಾರಿನೊಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿದಿರುತ್ತದೆ. ಆ ಮೋಟಾರನ್ನಷ್ಟೇ ಬದಲಾಯಿಸಿದರೆ ಸಾಕು, ಪ್ಯಾನೆಲ್ ಮುಟ್ಟಬೇಕಿಲ್ಲ.